ಹೊರದೇಶಗಳಿಗೆ ನಮ್ಮ ನೆರವು: ಲೆಕ್ಕ ಯಾರ ಮುಂದೆ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ವಾಚಕರ ಅಂಕಣದಲ್ಲಿ ಸುರತ್ಕಲ್ ಕಡೆಯ ಓದುಗರೊಬ್ಬರು, ಹೆದ್ದಾರಿಯ ಹೊಂಡ ಮುಚ್ಚುವುದಕ್ಕೇ ಹಣವಿಲ್ಲದ ದೇಶವು ಭೂತಾನ, ಮಾಲ್ದೀವ್ಸ್, ಆಫ್ರಿಕಾ ಎಂದು ಹಣ ಹಂಚುವುದು ಯಾಕೆ ಎಂದು ಕೇಳಿದ್ದರು. ಮಳೆಗಾಲದಲ್ಲಿ ಆ ಹೆದ್ದಾರಿಯಲ್ಲಿ ಸ್ಕೂಟರ್ ಓಡಿಸುವ ಯಾರಿಗಾದರೂ ಬರುವ ಪ್ರಶ್ನೆಯೇ ಅದು. ಆದರೆ ಕೊಡುವುದನ್ನೇ ನಿಲ್ಲಿಸಬೇಕೆಂಬ ಅವರ ತೀರ್ಮಾನವನ್ನು ಒಪ್ಪಲು ನನಗೆ ಕಷ್ಟವಾಗುತ್ತದೆ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಸಾಲದ ಕಡತಗಳ ನಡುವೆ ಕಳೆದವನಾದ ನನಗೆ, ಎಷ್ಟು ಕೊಟ್ಟೆವು ಎಂಬುದಕ್ಕಿಂತ ಕೊಟ್ಟದ್ದರ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸುತ್ತಾರೆ ಎಂಬುದೇ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. ಪತ್ರ ಸ್ವಲ್ಪ ಉದ್ದವಾಗಬಹುದು, ಕ್ಷಮೆ ಇರಲಿ.

ಮೊದಲಿಗೆ ಮೊತ್ತದ ವಿಚಾರ. 2025-26ರ ಕೇಂದ್ರ ಬಜೆಟ್‌ನಲ್ಲಿ ವಿದೇಶಾಂಗ ಸಚಿವಾಲಯದ ಮೂಲಕ ಹೊರದೇಶಗಳ ನೆರವಿಗೆಂದು ಇಟ್ಟ ಹಣ 5,483 ಕೋಟಿ ರೂಪಾಯಿ. ಅದರಲ್ಲಿ ಭೂತಾನದ ಪಾಲೇ 2,150 ಕೋಟಿ. ನೇಪಾಳಕ್ಕೆ 700, ಮಾಲ್ದೀವ್ಸ್‌ಗೆ 600, ಮಾರಿಷಸ್‌ಗೆ 500 ಕೋಟಿ. ಆ ವರ್ಷದ ಇಡೀ ಬಜೆಟ್ 50 ಲಕ್ಷ ಕೋಟಿ ದಾಟಿತ್ತು. ಎಂದರೆ ಸರ್ಕಾರ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ನೆರವಿಗೆ ಹೋಗುವುದು ಸುಮಾರು 11 ಪೈಸೆ. ಅದನ್ನು ಉಳಿಸಿದರೂ ನಮ್ಮ ಹೆದ್ದಾರಿಯ ಹೊಂಡ ಮುಚ್ಚುವ ಭರವಸೆ ನನಗಂತೂ ಇಲ್ಲ. ಹೊಂಡದ ಕಾರಣ ಹಣದ ಕೊರತೆ ಒಂದೇ ಅಲ್ಲವೆಂದು ಈ ಊರಿನ ಎಲ್ಲರಿಗೂ ಗೊತ್ತಿದೆ.

ಬಜೆಟ್‌ನ ಈ ಸಾಲಿನ ಹೊರಗೆ ಇನ್ನೊಂದು, ಇದಕ್ಕಿಂತ ದೊಡ್ಡ ವ್ಯವಹಾರವಿದೆ. ಭಾರತೀಯ ರಫ್ತು-ಆಮದು ಬ್ಯಾಂಕ್, ಅಂದರೆ ಎಕ್ಸಿಮ್ ಬ್ಯಾಂಕ್, ಸರ್ಕಾರದ ಖಾತರಿಯ ಮೇಲೆ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ದೇಶಗಳಿಗೆ ಕಡಿಮೆ ಬಡ್ಡಿಯ ಸಾಲ ಸೌಲಭ್ಯ ಕೊಡುತ್ತದೆ. ಹೀಗೆ ಒಪ್ಪಿಕೊಂಡ ಸಾಲದ ಒಟ್ಟು ಮೊತ್ತ 30 ಬಿಲಿಯನ್ ಡಾಲರ್ ಮೀರಿದೆ. ವಿದ್ಯುತ್ ತಂತಿ, ಸಕ್ಕರೆ ಕಾರ್ಖಾನೆ, ಕುಡಿಯುವ ನೀರು, ರೈಲು ಮಾರ್ಗ, ನೀರಾವರಿ ಪಂಪು ಎಲ್ಲವೂ ಇದರಲ್ಲಿವೆ. ಇದನ್ನು ದಾನವೆಂದು ಕರೆಯಲಾಗದು. ಬಡ್ಡಿಸಹಿತ ಮರಳಿ ಬರಬೇಕಾದ ಹಣ ಇದು. ಮೇಲಾಗಿ ಆ ಹಣದಲ್ಲಿ ಕೊಳ್ಳುವ ಸರಕು ಮತ್ತು ಸೇವೆಯ ನೂರಕ್ಕೆ 75 ಪಾಲು ಸಾಮಾನ್ಯವಾಗಿ ಭಾರತದಿಂದಲೇ ಬರಬೇಕೆಂಬ ಷರತ್ತಿದೆ. ನಾನು ಶಾಖೆಯಲ್ಲಿದ್ದಾಗ ಬೋಟಿನ ಸಾಲ ಕೊಟ್ಟು, ಇಂಜಿನನ್ನು ಮಾತ್ರ ನನ್ನ ಭಾವನ ಅಂಗಡಿಯಿಂದಲೇ ತೆಗೆದುಕೊಳ್ಳಿ ಎಂದು ಹೇಳಿದ್ದರೆ ಮೀನುಗಾರರು ನನ್ನ ಬಗ್ಗೆ ಏನೆನ್ನುತ್ತಿದ್ದರು ಎಂದು ಊಹಿಸಬಲ್ಲೆ. ಸಾಲ ಅಗ್ಗವಾದರೆ ಮಾತ್ರ ಸಾಲದು, ಕೊಂಡ ವಸ್ತುವಿನ ಬೆಲೆಯೂ ನ್ಯಾಯವಾಗಿರಬೇಕಲ್ಲ. ಇದೇ ಷರತ್ತನ್ನು ಶ್ರೀಮಂತ ರಾಷ್ಟ್ರಗಳು ನಮ್ಮ ಮೇಲೆ ಹೇರುತ್ತಿದ್ದ ಕಾಲದಲ್ಲಿ ನಮ್ಮವರು ಅದನ್ನು ವಿರೋಧಿಸುತ್ತಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕಾಗುತ್ತದೆ.

ಪಡೆಯುವವರಾಗಿದ್ದ ಆ ಕಾಲ ಬಹಳ ಹಿಂದಿನದೇನೂ ಅಲ್ಲ. 1960ರ ದಶಕದ ಕೊನೆಯಲ್ಲಿ ಉಡುಪಿ ಸಮೀಪದ ಪ್ರಾಥಮಿಕ ಶಾಲೆಯಲ್ಲಿ ನಾನು ಓದುತ್ತಿದ್ದಾಗ ಮಧ್ಯಾಹ್ನ ಬಡಿಸುತ್ತಿದ್ದ ಹಳದಿ ಸಜ್ಜಿಗೆಯ ರವೆಯೂ ಹಾಲಿನ ಪುಡಿಯೂ ಅಮೆರಿಕದಿಂದ ಬಂದವು. ಆ ಸಜ್ಜಿಗೆಯ ವಾಸನೆ ನನ್ನ ವಯಸ್ಸಿನ ಅನೇಕರಿಗೆ ಇನ್ನೂ ಮೂಗಿನಲ್ಲಿದೆ. 1965 ಮತ್ತು 66ರ ಬರಗಾಲದಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್, ಭಾರತದ ಕೃಷಿ ನೀತಿಯೂ ವಿಯೆಟ್ನಾಂ ಯುದ್ಧದ ಬಗೆಗಿನ ಮಾತೂ ತಮಗೆ ಹಿಡಿಸುವಂತಿರಲಿ ಎಂದು ಗೋಧಿಯ ಹಡಗುಗಳನ್ನು ತಿಂಗಳು ತಿಂಗಳಿಗೆ ಅಳೆದು ಬಿಡುತ್ತಿದ್ದರು. ಹಸಿದವನ ತಟ್ಟೆಗೆ ಬಿದ್ದದ್ದು ಅನ್ನವೇ, ಹಗ್ಗವೇ ಎಂಬ ಅನುಮಾನ ನಮ್ಮ ನಾಯಕರಲ್ಲಿ ಹುಟ್ಟಿದ್ದು ಆಗಲೇ. ಕುತೂಹಲದ ಸಂಗತಿಯೆಂದರೆ, ಇದಕ್ಕೆ ತುಸು ಮೊದಲು, 1964ರ ಸೆಪ್ಟೆಂಬರ್‌ನಲ್ಲಿ, ಭಾರತವು ತನ್ನದೇ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಕಾರ್ಯಕ್ರಮವನ್ನು ಆರಂಭಿಸಿತ್ತು. ಐಟೆಕ್ ಎಂದು ಕರೆಯುವ ಆ ಕಾರ್ಯಕ್ರಮದಲ್ಲಿ ಇಂದು 160ಕ್ಕೂ ಹೆಚ್ಚು ದೇಶಗಳ ಅಧಿಕಾರಿಗಳು, ತಂತ್ರಜ್ಞರು ಭಾರತಕ್ಕೆ ಬಂದು ತರಬೇತಿ ಪಡೆಯುವ ಅವಕಾಶವಿದೆ. ಪರರ ಗೋಧಿ ತಿನ್ನುತ್ತಿದ್ದಾಗಲೇ ನಾವು ಪರರಿಗೆ ವಿದ್ಯೆ ಹಂಚಲು ಹೊರಟಿದ್ದೆವು. 1955ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ, ಆಫ್ರಿಕಾಗಳ 29 ದೇಶಗಳು ಸೇರಿ ಪರಸ್ಪರ ಸಹಕಾರದ ಬಗ್ಗೆ ಆಡಿದ ಮಾತಿನ ಬಲ ಅದರ ಹಿಂದಿತ್ತು.

ಆಗ ನೆರವಿನ ಲೋಕದ ನಿಯಮಗಳನ್ನು ಬರೆಯುತ್ತಿದ್ದವರು ಪಶ್ಚಿಮದವರು. ಶ್ರೀಮಂತ ದೇಶಗಳ ಸಂಘಟನೆಯಾದ ಒಇಸಿಡಿಯ ಸಮಿತಿಯೊಂದು ಯಾವುದು ನೆರವು, ಯಾವುದು ಅಲ್ಲ ಎಂದು ನಿರ್ಧರಿಸುತ್ತಿತ್ತು. ರಾಷ್ಟ್ರೀಯ ಆದಾಯದ ಶೇಕಡಾ 0.7ರಷ್ಟನ್ನು ಕೊಡಬೇಕೆಂದು 1970ರಲ್ಲಿ ವಿಶ್ವಸಂಸ್ಥೆ ಹಾಕಿದ ಗೆರೆಯನ್ನು ಬೆರಳೆಣಿಕೆಯ ದೇಶಗಳಷ್ಟೇ ಮುಟ್ಟಿದವು. ಈಗ ಆ ಮನೆಯೇ ಅಲುಗಾಡುತ್ತಿದೆ. ಅಮೆರಿಕದ ನೆರವಿನ ಸಂಸ್ಥೆಯಾದ ಯುಎಸ್ಎಐಡಿ 2025ರ ಜುಲೈ 1ರಿಂದ ನೆರವಿನ ಕೆಲಸ ನಿಲ್ಲಿಸಿತು. ಬ್ರಿಟನ್ 0.7ರಿಂದ 0.5ಕ್ಕೆ ಇಳಿದು, 2027ರ ಹೊತ್ತಿಗೆ 0.3ಕ್ಕೆ ಇಳಿಯುವುದಾಗಿ ಹೇಳಿದೆ. ಆ ಬಾಗಿಲು ಮುಚ್ಚಿದಷ್ಟೂ ಬಡದೇಶಗಳು ಚೀನಾ, ಭಾರತ, ಬ್ರೆಜಿಲ್, ಟರ್ಕಿ, ಕೊಲ್ಲಿ ರಾಷ್ಟ್ರಗಳ ಕಡೆ ತಿರುಗುವುದು ಸಹಜ. ಆದುದರಿಂದ ನಮ್ಮ ನಡತೆ ಹೇಗಿರಬೇಕೆಂದು ಈಗಲೇ ಮಾತನಾಡಬೇಕಾಗಿದೆ.

ಈ ಬದಲಾವಣೆಯಲ್ಲಿ ನಮ್ಮ ಊರಿನವರ ಪಾಲೂ ಇದೆ. ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಎಂಬ ಐದು ದೇಶಗಳು 2014ರಲ್ಲಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ಒಪ್ಪಂದ ಮಾಡಿಕೊಂಡು ಶಾಂಘೈಯಲ್ಲಿ ತೆರೆದ ನ್ಯೂ ಡೆವಲಪ್‌ಮೆಂಟ್ ಬ್ಯಾಂಕಿನ ಮೊದಲ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿ, ಸುರತ್ಕಲ್‌ನ ಅಂದಿನ ಕೆಆರ್‌ಇಸಿಯಲ್ಲಿ ಇಂಜಿನಿಯರಿಂಗ್ ಓದಿದ ಕೆ. ವಿ. ಕಾಮತ್. 2015ರಿಂದ 2020ರವರೆಗೆ ಅವರು ಆ ಬ್ಯಾಂಕನ್ನು ಕಟ್ಟಿದರು. ಅದರ ರಚನೆಯಲ್ಲಿ ನಮ್ಮ ಜಿಲ್ಲೆಯ ಜನರಿಗೆ ಕೂಡಲೇ ಅರ್ಥವಾಗುವ ಒಂದು ಅಂಶವಿದೆ. ಐದೂ ದೇಶಗಳು ತಲಾ 10 ಬಿಲಿಯನ್ ಡಾಲರ್‌ನ ಷೇರು ತೆಗೆದುಕೊಂಡವು ಮತ್ತು ಐವರ ಮತಕ್ಕೂ ಒಂದೇ ಬೆಲೆ. ವಿಶ್ವಬ್ಯಾಂಕಿನಲ್ಲಿ ಹಾಗಿಲ್ಲ, ಅಲ್ಲಿ ಷೇರಿನ ತೂಕದಂತೆ ಮತ. ಅಮೆರಿಕದ ಮತ ಶೇಕಡಾ 16ರ ಆಸುಪಾಸು. ಇದುವರೆಗಿನ ಅಧ್ಯಕ್ಷರೆಲ್ಲರೂ ಅಮೆರಿಕದ ಪ್ರಜೆಗಳು. ಈಗಿನ ಅಜಯ್ ಬಂಗಾ ಅವರು ಭಾರತದಲ್ಲಿ ಹುಟ್ಟಿದವರಾದರೂ ಆ ಕುರ್ಚಿಗೆ ಏರಿದ್ದು ಅಮೆರಿಕದ ಪ್ರಜೆಯಾಗಿಯೇ. ಮೊಳಹಳ್ಳಿ ಶಿವರಾಯರು ಈ ಜಿಲ್ಲೆಯಲ್ಲಿ ಸಹಕಾರ ಚಳವಳಿ ಕಟ್ಟಿದ ಕಾಲದಿಂದಲೂ ನಮ್ಮ ಸಹಕಾರಿ ಸಂಘಗಳಲ್ಲಿ ಹತ್ತು ಷೇರಿನವನಿಗೂ ನೂರು ಷೇರಿನವನಿಗೂ ಮಹಾಸಭೆಯಲ್ಲಿ ಒಂದೇ ಮತ. ಹೊಸ ಬ್ಯಾಂಕು ವಿಶ್ವಬ್ಯಾಂಕಿಗಿಂತ ನಮ್ಮ ಸಹಕಾರಿ ಸಂಘಕ್ಕೆ ಹತ್ತಿರವಾಗಿದೆಯೆಂದು ಹೆಮ್ಮೆಪಡಬಹುದಿತ್ತು. ಆದರೆ ಆ ಹೊಸ ಬ್ಯಾಂಕಿನ ಸನ್ನದನ್ನು ಮುಂದೆ ಓದಿದಾಗ ಆ ಹೆಮ್ಮೆ ಅರ್ಧಕ್ಕಿಳಿಯುತ್ತದೆ: ಎಷ್ಟೇ ಹೊಸ ಸದಸ್ಯರು ಬಂದರೂ ಸ್ಥಾಪಕ ಐವರ ಒಟ್ಟು ಮತ ಶೇಕಡಾ 55ಕ್ಕಿಂತ ಕೆಳಗಿಳಿಯುವಂತಿಲ್ಲ, ಸ್ಥಾಪಕರಲ್ಲದ ಯಾವ ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚಿನ ಮತವಿಲ್ಲ. ಬಾಂಗ್ಲಾದೇಶ, ಈಜಿಪ್ಟ್ ಮುಂತಾದವು ಆಮೇಲೆ ಸೇರಿವೆ. ಜಗಲಿಯಲ್ಲಿ ಕೂರಲು ಅವರಿಗೆ ಜಾಗವಿದೆ, ಒಳಮನೆಯ ಕೀಲಿಕೈ ಮಾತ್ರ ಐವರ ಸೊಂಟದಲ್ಲೇ ಇದೆ.

ಬೀಜಿಂಗ್‌ನ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕಿನ ಕತೆ ಇನ್ನೂ ಸ್ವಾರಸ್ಯದ್ದು. 2016ರಲ್ಲಿ ಆರಂಭವಾದ ಈ ಬ್ಯಾಂಕಿನಲ್ಲಿ ಚೀನಾ ಅತಿದೊಡ್ಡ ಷೇರುದಾರ, ಭಾರತ ಎರಡನೆಯದು. ಸಾಲ ಪಡೆಯುವುದರಲ್ಲಿ ಮಾತ್ರ ಭಾರತವೇ ಮೊದಲು. ಬೆಂಗಳೂರು ಮೆಟ್ರೊದ ಒಂದು ಮಾರ್ಗಕ್ಕೆ 2017ರಲ್ಲಿ 335 ಮಿಲಿಯನ್ ಡಾಲರ್ ಸಾಲ ಮಂಜೂರಾಗಿದ್ದು ಅಲ್ಲಿಂದಲೇ. 2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಎರಡೇ ದಿನಗಳ ಬಳಿಕ, ಜೂನ್ 17ರಂದು, ಕೋವಿಡ್ ಪರಿಹಾರಕ್ಕೆಂದು ಭಾರತಕ್ಕೆ 750 ಮಿಲಿಯನ್ ಡಾಲರ್ ಸಾಲವನ್ನು ಅದೇ ಬ್ಯಾಂಕು ಮಂಜೂರು ಮಾಡಿತು. ಇದನ್ನು ಯಾರನ್ನಾದರೂ ಹಂಗಿಸುವುದಕ್ಕಾಗಿ ಬರೆಯುತ್ತಿಲ್ಲ. ನೂರಾರು ಕೈಗಳ ಹಣ ಸೇರಿದ ಸಂಸ್ಥೆಯೊಂದಿದ್ದರೆ, ಗಡಿಯಲ್ಲಿ ಜಗಳವಿದ್ದರೂ ಕಡತ ತನ್ನ ಪಾಡಿಗೆ ಮೇಜಿನಿಂದ ಮೇಜಿಗೆ ಸರಿಯುತ್ತದೆ. ಒಬ್ಬನೇ ಸಾಹುಕಾರನ ಬಳಿ ಸಾಲ ಎತ್ತಿದ್ದರೆ ಅಂದು ಏನಾಗುತ್ತಿತ್ತು?

ಕೊಡುವವರು ಇವರು, ಪಡೆಯುವವರು ಅವರು ಎಂಬ ವಿಂಗಡಣೆ ಎಷ್ಟು ತೆಳುವಾಗಿದೆ ಎಂಬುದನ್ನು ನಾವು ನವಮಂಗಳೂರು ಬಂದರಿರುವ ಪಣಂಬೂರಿನಲ್ಲೇ ಕಂಡಿದ್ದೇವೆ. 2021ರ ಜನವರಿ 20ರಂದು ಭೂತಾನ ಮತ್ತು ಮಾಲ್ದೀವ್ಸ್‌ಗೆ ಕೋವಿಡ್ ಲಸಿಕೆ ಕಳುಹಿಸುವ ಮೂಲಕ ಭಾರತ ತನ್ನ ಲಸಿಕೆ ಮೈತ್ರಿಯನ್ನು ಆರಂಭಿಸಿತು. ಉಚಿತವಾಗಿ ಕೊಟ್ಟದ್ದು, ಮಾರಿದ್ದು ಎಲ್ಲ ಸೇರಿ ಕೆಲವೇ ವಾರಗಳಲ್ಲಿ 6 ಕೋಟಿಗೂ ಹೆಚ್ಚು ಡೋಸ್ ಹೊರಗೆ ಹೋದವು. ಏಪ್ರಿಲ್ ಮುಗಿಯುವಷ್ಟರಲ್ಲಿ ನಮ್ಮ ಆಸ್ಪತ್ರೆಗಳ ಮುಂದೆ ಆಮ್ಲಜನಕಕ್ಕಾಗಿ ಜನ ಪರದಾಡುತ್ತಿದ್ದರು. ಮೇ 5ರಂದು ಬಹ್ರೈನ್‌ನಿಂದ ದ್ರವ ಆಮ್ಲಜನಕದ ಟ್ಯಾಂಕುಗಳನ್ನು ಹೊತ್ತ ಐಎನ್ಎಸ್ ತಲ್ವಾರ್ ನೌಕೆ ನವಮಂಗಳೂರು ಬಂದರಿಗೆ ಬಂದಿತು. ಅದರ ಬೆನ್ನಿಗೇ ಕುವೈತ್‌ನಿಂದಲೂ ಬಂದವು. 2004ರ ಸುನಾಮಿಯಲ್ಲಿ ಹೊರದೇಶದ ಸರ್ಕಾರಗಳ ನೆರವು ಬೇಡವೆಂದು, ತಾನೇ ಶ್ರೀಲಂಕಾಕ್ಕೂ ಮಾಲ್ದೀವ್ಸ್‌ಗೂ ಹಡಗು ಕಳುಹಿಸಿದ್ದ ದೇಶ ನಮ್ಮದು. 2018ರ ಕೇರಳದ ನೆರೆಯಲ್ಲೂ ಅದೇ ಪಟ್ಟು ಹಿಡಿದಿತ್ತು. 2021ರಲ್ಲಿ ಆ ಪಟ್ಟು ಸಡಿಲಿಸಬೇಕಾಯಿತು. ಅದರಲ್ಲಿ ಅವಮಾನವೇನೂ ನನಗೆ ಕಾಣಲಿಲ್ಲ. ಈ ಜಿಲ್ಲೆಯ ಎಷ್ಟೋ ಮನೆಗಳ ಹೆಂಚು, ಗಾರೆ, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಬಹ್ರೈನ್, ಕುವೈತ್‌ಗಳ ಸಂಬಳದಿಂದ ಆದದ್ದು; ಆ ಹಡಗು ಬಂದಾಗ ಪರಿಚಿತರ ಮನೆಯಿಂದ ಬಂದ ಹಾಗೆಯೇ ಅನಿಸಿತು.

ಹಾಗಾದರೆ ನಾವು ಕೊಟ್ಟದ್ದು ಹೇಗಿದೆ? ಚೆನ್ನಾಗಿ ನಡೆದ ಉದಾಹರಣೆಗಳು ಬೇಕಾದಷ್ಟಿವೆ. ಭೂತಾನದ ಚುಖಾ ಜಲವಿದ್ಯುತ್ ಯೋಜನೆ 336 ಮೆಗಾವಾಟ್‌ನದು. ನೂರಕ್ಕೆ 60 ಪಾಲು ಅನುದಾನ, 40 ಪಾಲು ಸಾಲ. ವಿದ್ಯುತ್ತನ್ನು ಭಾರತವೇ ಕೊಂಡಿತು, ಭೂತಾನದ ಬೊಕ್ಕಸ ತುಂಬಿತು. ಮುಂದೆ ಬಂದ ಮಾಂಗ್‌ದೆಚ್ಚು ಯೋಜನೆಯಲ್ಲಿ ಈ ಪ್ರಮಾಣ ತಿರುಗುಮುರುಗಾಗಿ 30 ಪಾಲು ಅನುದಾನ, 70 ಪಾಲು ಸಾಲವಾಯಿತು. 2008ರಲ್ಲಿ ಕೆಲಸ ಹಿಡಿದ ಪುನಾತ್ಸಾಂಗ್‌ಚ್ಚು ಮೊದಲ ಯೋಜನೆ ಗುಡ್ಡ ಕುಸಿದು ವರ್ಷಗಟ್ಟಲೆ ಎಳೆದಿದೆ, ಖರ್ಚು ಹಲವು ಪಟ್ಟು ಏರಿದೆ. ಕಾಮಗಾರಿ ನಿಂತರೂ ಬಡ್ಡಿ ನಿಲ್ಲುವುದಿಲ್ಲ ಎಂಬುದು ಮನೆ ಕಟ್ಟಲು ಸಾಲ ತೆಗೆದ ಪ್ರತಿಯೊಬ್ಬನಿಗೂ ಗೊತ್ತಿರುವ ಸತ್ಯ. ನೇಪಾಳದ್ದು ಸಣ್ಣ ಉದಾಹರಣೆ, ಆದರೆ ನಮಗೆ ಹತ್ತಿರದ್ದು. ಬಿಹಾರದ ಜಯನಗರದಿಂದ ನೇಪಾಳದ ಕುರ್ತಾದವರೆಗಿನ 35 ಕಿಲೋಮೀಟರ್ ರೈಲು ಮಾರ್ಗ 2022ರ ಏಪ್ರಿಲ್‌ನಲ್ಲಿ ಭಾರತದ ಅನುದಾನದಿಂದ ತೆರೆಯಿತು. ಅದರ ಮೇಲೆ ಓಡುವ ಎರಡು ಡೆಮು ರೈಲುಗಳನ್ನು ಒದಗಿಸಿದ್ದು ಉಡುಪಿಯ ಮೂಲಕ ಹಾದುಹೋಗುವ ನಮ್ಮ ಕೊಂಕಣ ರೈಲ್ವೆ. ಅವಕ್ಕೆ ಹಣ ಕೊಟ್ಟದ್ದು ನೇಪಾಳ. ಹಳಿ ನೆರವು, ಗಾಡಿ ವ್ಯಾಪಾರ. ಇದರಲ್ಲಿ ತಪ್ಪಿಲ್ಲ, ಆದರೆ ಎರಡನ್ನೂ ಒಟ್ಟಿಗೆ ಕಟ್ಟಿ ಸ್ನೇಹದ ಕಾಣಿಕೆ ಎಂದು ಹೇಳುವಾಗ ಲೆಕ್ಕ ಮಸುಕಾಗುತ್ತದೆ.

ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದೂ ಬೇರೆಯೇ ದಾರಿ ಹಿಡಿಯಬಹುದೆಂಬುದಕ್ಕೆ ನಮ್ಮ ಕಡಲಿಗಿಂತ ದೊಡ್ಡ ಸಾಕ್ಷಿ ಬೇಡ. 1952ರಲ್ಲಿ ವಿಶ್ವಸಂಸ್ಥೆ, ನಾರ್ವೆ ಮತ್ತು ಭಾರತ ಸೇರಿ ಮಾಡಿಕೊಂಡ ಒಪ್ಪಂದದಂತೆ ಕೇರಳದ ಕೊಲ್ಲಂ ಸಮೀಪದ ಮೀನುಗಾರರ ಹಳ್ಳಿಗಳಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. ನಾರ್ವೆ ಹೊರದೇಶಕ್ಕೆ ಕೊಟ್ಟ ಅಭಿವೃದ್ಧಿ ನೆರವಿನಲ್ಲಿ ಅದೇ ಮೊದಲನೆಯದು. ಬಡ ಮೀನುಗಾರನ ಆದಾಯ ಏರಬೇಕು, ಊರಿನ ಜನಕ್ಕೆ ಮೀನು ಹೆಚ್ಚು ಸಿಗಬೇಕು ಎಂಬುದು ಉದ್ದೇಶ. ಕೊನೆಗೆ ಗೆದ್ದದ್ದು ಸಿಗಡಿ. ಯಂತ್ರದೋಣಿ ಮತ್ತು ಟ್ರಾಲ್ ಬಲೆಗಳಿಂದ ಹಿಡಿದ ಸಿಗಡಿ ಮಂಜುಗಡ್ಡೆಯಲ್ಲಿ ಕೂತು ಅಮೆರಿಕ, ಜಪಾನ್‌ಗಳಿಗೆ ಹೋಯಿತು; ಬೋಟಿಗೆ ಹಣ ಹೂಡಬಲ್ಲವರು ಮೇಲೆ ಬಂದರು. ಯೋಜನೆ ಮುಂದೆ ಕಾರವಾರಕ್ಕೂ ವಿಸ್ತರಿಸಿತು. 1970ರ ದಶಕದಲ್ಲಿ ಮಂಗಳೂರು, ಮಲ್ಪೆಗಳಿಗೆ ಪರ್ಸೀನ್, ಅಂದರೆ ಯಂತ್ರದೋಣಿಯಿಂದ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಬಲೆ, ಬಂತು. ಅದು ನಾರ್ವೆಯವರು ಕೊಟ್ಟದ್ದಲ್ಲ, ನಮ್ಮವರೇ ತಂದದ್ದು, ಆದರೆ ಯಂತ್ರವೇ ಪ್ರಗತಿಯೆಂಬ ನಂಬಿಕೆ ಅಷ್ಟರಲ್ಲಿ ಬೇರೂರಿತ್ತು. ಊರಿಗೆ ಊರೇ ದಡದಲ್ಲಿ ನಿಂತು ಎಳೆದು, ವಿಧವೆಗೂ ಮುದುಕನಿಗೂ ಪಾಲು ಎತ್ತಿಡುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ನಾನು ಕೆಲಸಕ್ಕೆ ಸೇರಿದ 1980ರ ಸುಮಾರಿಗೆ ಮಲ್ಪೆಯಲ್ಲಿ ಬೋಟಿನ ಸಾಲಕ್ಕೆ ಸಹಿ ಹಾಕಲು ಬರುತ್ತಿದ್ದವರಲ್ಲಿ ಹಿಂದೆ ರಂಪಣಿ ಎಳೆದವರ ಮಕ್ಕಳೂ ಇದ್ದರು. ಹೆಚ್ಚಿನವರು ಬೋಟಿನ ಮಾಲಕರಾಗಿ ಅಲ್ಲ, ಜಾಮೀನುದಾರರಾಗಿ ಬರುತ್ತಿದ್ದರು. ಸಾಲದ ಅರ್ಜಿಯಲ್ಲಿ ಬೋಟಿನ ಉದ್ದ, ಇಂಜಿನಿನ ಅಶ್ವಶಕ್ತಿ ಬರೆಯಲು ಕಲಂಗಳಿದ್ದವು, ಇದರಿಂದ ಯಾರ ಪಾಲು ಕಡಿಮೆಯಾಗುತ್ತದೆ ಎಂದು ಬರೆಯುವ ಕಲಂ ಇರಲಿಲ್ಲ. ನಾನೂ ಆ ಅರ್ಜಿಗಳನ್ನು ಮಂಜೂರಿಗೆ ಶಿಫಾರಸು ಮಾಡಿದವನೇ. ಈಗ ಭಾರತದ ಸಾಲದಿಂದ ಆಫ್ರಿಕಾದ ಯಾವುದೋ ಕರಾವಳಿಯಲ್ಲೋ ನದಿ ಬಯಲಿನಲ್ಲೋ ಏಳುವ ಯೋಜನೆಯ ಅರ್ಜಿಯಲ್ಲಿ ಆ ಕಲಂ ಇದೆಯೇ ಎಂದು ತಿಳಿಯುವ ಆಸೆ ನನಗಿದೆ.

ಗೇರುಬೀಜದ ವಿಷಯವೂ ಇಲ್ಲೇ ಹೇಳಬೇಕು, ಏಕೆಂದರೆ ಉದಯೋನ್ಮುಖ ದೇಶಗಳ ಸಹಕಾರದ ಮಾತು ನಮ್ಮ ಜಿಲ್ಲೆಯ ಹೆಂಗಸರ ಕೈಬೆರಳಿಗೆ ತಾಗುವುದು ಈ ಜಾಗದಲ್ಲಿ. ನನ್ನ ದೊಡ್ಡಮ್ಮ ಮಂಗಳೂರಿನ ಬೀಜದ ಕಾರ್ಖಾನೆಯೊಂದರಲ್ಲಿ ಬೀಜ ಒಡೆಯುತ್ತಿದ್ದರು. ಎಣ್ಣೆ ತಾಗದಿರಲೆಂದು ಕೈಗೆ ಬೂದಿ ಸವರಿಕೊಂಡರೂ ಬೆರಳ ತುದಿ ಸದಾ ಕಪ್ಪಾಗಿ ಸುಟ್ಟಂತಿರುತ್ತಿತ್ತು. ಅವರು ಒಡೆಯುತ್ತಿದ್ದ ಬೀಜಗಳಲ್ಲಿ ಬಹುಪಾಲು ಪೂರ್ವ ಆಫ್ರಿಕಾದಿಂದ ಬಂದವು ಎಂಬುದು ಅವರಿಗೆ ಗೊತ್ತಿತ್ತು, ಅಲ್ಲಿನ ಜನ ಹೇಗಿರುತ್ತಾರೆ ಎಂದು ಮಾತ್ರ ಗೊತ್ತಿರಲಿಲ್ಲ. ಇಂದಿಗೂ ನಮ್ಮ ಕಾರ್ಖಾನೆಗಳು ಟಾಂಜಾನಿಯಾ, ಬೆನಿನ್, ಐವರಿ ಕೋಸ್ಟ್, ಗಿನಿ-ಬಿಸ್ಸಾವುಗಳ ಕಚ್ಚಾ ಬೀಜವನ್ನು ನಂಬಿವೆ. 2008ರ ಮೊದಲ ಭಾರತ-ಆಫ್ರಿಕಾ ಶೃಂಗಸಭೆಯಲ್ಲಿ ಅತಿ ಹಿಂದುಳಿದ ದೇಶಗಳ ಸರಕಿಗೆ ಸುಂಕ ರಿಯಾಯಿತಿ ಕೊಡುವ ಯೋಜನೆಯನ್ನು ಭಾರತ ಪ್ರಕಟಿಸಿತು. ಒಳ್ಳೆಯದೇ. ಆದರೆ ಸುಂಕವಿಲ್ಲದೆ ಬರುವುದು ಬಹುತೇಕ ಕಚ್ಚಾ ಮಾಲೇ ಆದರೆ ಲಾಭದ ತಿರುಳು ಯಾರ ಬಳಿ ಉಳಿಯುತ್ತದೆ? ಆ ದೇಶಗಳು ಈಗ ಅದನ್ನೇ ಕೇಳುತ್ತಿವೆ. ಬೆನಿನ್ ಸರ್ಕಾರ 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನು ನಿಷೇಧಿಸುವ ನಿರ್ಧಾರ ಮಾಡಿತು. ಐವರಿ ಕೋಸ್ಟ್ ತನ್ನಲ್ಲೇ ಬೀಜ ಸಂಸ್ಕರಿಸುವವರಿಗೆ ಪ್ರೋತ್ಸಾಹಧನ ಕೊಡುತ್ತಿದೆ. ನಮ್ಮ ಕಾರ್ಖಾನೆಯ ಮಾಲಕರಿಗೆ ಇದು ಸಂಕಟ, ಅಲ್ಲಿ ದುಡಿಯುವ ಸಾವಿರಾರು ಹೆಂಗಸರಿಗೆ ಇನ್ನೂ ಸಂಕಟ. ನಿಜವಾದ ಸಹಭಾಗಿತ್ವ ಎಷ್ಟು ಕಷ್ಟದ್ದೆಂದು ಗೊತ್ತಾಗುವುದು ಇಲ್ಲಿಯೇ, ಏಕೆಂದರೆ ಅವರ ಏಳಿಗೆಗೆ ಬೆಲೆ ಕೊಡಬೇಕಾದವರಲ್ಲಿ ನಮ್ಮ ಬೀಜದ ಕಾರ್ಖಾನೆಯ ಹೆಣ್ಣುಮಗಳೂ ಒಬ್ಬಳು. ಪುತ್ತೂರಿನಲ್ಲಿ ಗೇರು ಸಂಶೋಧನೆಗೆಂದೇ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಐಟೆಕ್‌ನಂಥ ಕಾರ್ಯಕ್ರಮದಡಿ ಆಫ್ರಿಕಾದ ರೈತರಿಗೂ ಸಂಸ್ಕರಣೆಯವರಿಗೂ ನಿಯಮಿತವಾಗಿ ಅಲ್ಲಿ ತರಬೇತಿ ಸಿಗಲಿ, ಜೊತೆಗೆ ಇಲ್ಲಿನ ಕಾರ್ಮಿಕರ ಪುನರ್ವಸತಿಯ ಯೋಚನೆಯೂ ಅದೇ ಕಡತದಲ್ಲಿರಲಿ ಎಂಬುದು ನನ್ನ ವಿನಂತಿ. ಎರಡು ಸಚಿವಾಲಯಗಳ ಕಡತಗಳು ಒಂದೇ ಮೇಜಿಗೆ ಬರುವುದು ಎಷ್ಟು ಅಪರೂಪವೆಂದು ಬಲ್ಲೆ.

ಚೀನಾದ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಆ ಕುರಿತು ದಿನವೂ ಓದುತ್ತೇವೆ. ಶ್ರೀಲಂಕಾದ ಹಂಬಂತೋಟ ಬಂದರನ್ನು 2017ರಲ್ಲಿ 99 ವರ್ಷದ ಗುತ್ತಿಗೆಗೆ ಚೀನಾದ ಕಂಪನಿಗೆ ಕೊಟ್ಟದ್ದು ನಿಜ. ಆದರೆ 2022ರಲ್ಲಿ ಆ ದೇಶ ಮುಳುಗಿದಾಗ ಅದರ ವಿದೇಶಿ ಸಾಲದಲ್ಲಿ ಚೀನಾದ್ದಕ್ಕಿಂತ ಮಾರುಕಟ್ಟೆಯ ಬಾಂಡುಗಳ ಪಾಲು ದೊಡ್ಡದಿತ್ತು ಎಂಬುದೂ ಅಷ್ಟೇ ನಿಜ. ಆಗ ಭಾರತ ಸುಮಾರು 4 ಬಿಲಿಯನ್ ಡಾಲರ್‌ನ ನೆರವು ಕೊಟ್ಟಿತು, ಅಂತರರಾಷ್ಟ್ರೀಯ ಹಣಕಾಸು ನಿಧಿಯಾದ ಐಎಂಎಫ್‌ನ ಸಾಲ ಆ ದೇಶಕ್ಕೆ ಸಿಗಲು ಬೇಕಾದ ಭರವಸೆಯನ್ನು 2023ರ ಜನವರಿಯಲ್ಲಿ ಎಲ್ಲರಿಗಿಂತ ಮೊದಲು ನೀಡಿತು, ಜಪಾನ್ ಮತ್ತು ಫ್ರಾನ್ಸ್ ಜೊತೆ ಸಾಲ ಕೊಟ್ಟ ದೇಶಗಳ ಸಮಿತಿಯ ಅಧ್ಯಕ್ಷತೆಯನ್ನೂ ಹಂಚಿಕೊಂಡಿತು. ಚೀನಾ ಆ ಸಮಿತಿಯ ಹೊರಗುಳಿದು ಪ್ರತ್ಯೇಕವಾಗಿ ಮಾತುಕತೆ ಮಾಡಿಕೊಂಡಿತು. ಈ ಪ್ರಕರಣದಲ್ಲಿ ನಾವು ಮರ್ಯಾದೆಯಿಂದ ನಡೆದುಕೊಂಡೆವು.

ಇನ್ನು ಲೆಕ್ಕದ ಮಾತಿಗೆ ಬರುತ್ತೇನೆ. ವಿಶ್ವಬ್ಯಾಂಕಿನ ಹಣದಿಂದ ತೊಂದರೆಗೊಳಗಾದ ಸಾಮಾನ್ಯ ಮನುಷ್ಯ ನೇರವಾಗಿ ಆ ಬ್ಯಾಂಕಿಗೇ ದೂರು ಕೊಡಬಹುದಾದ ತಪಾಸಣಾ ಸಮಿತಿ 1993ರಲ್ಲಿ ಹುಟ್ಟಿತು. ಅದು ವಾಷಿಂಗ್ಟನ್‌ನ ಔದಾರ್ಯದಿಂದ ಹುಟ್ಟಿದ್ದಲ್ಲ. ವಿಶ್ವಬ್ಯಾಂಕ್ ಸಾಲ ಕೊಟ್ಟಿದ್ದ ಸರ್ದಾರ್ ಸರೋವರ ಅಣೆಕಟ್ಟಿನ ವಿರುದ್ಧ ನರ್ಮದಾ ಕಣಿವೆಯ ಜನ ನಡೆಸಿದ ಹೋರಾಟ, ಅದರ ಫಲವಾಗಿ ಆ ಬ್ಯಾಂಕೇ ನೇಮಿಸಿದ ಮೋರ್ಸ್ ಆಯೋಗದ 1992ರ ವರದಿ, 1993ರ ಮಾರ್ಚ್‌ನಲ್ಲಿ ಭಾರತ ಉಳಿದ ಸಾಲವನ್ನು ಬೇಡವೆಂದದ್ದು, ಇವೆಲ್ಲ ಸೇರಿ ಆ ಬಾಗಿಲು ತೆರೆಯಿತು. ಅಲ್ಲಿಗೇ ನಿಲ್ಲಲಿಲ್ಲ. ಗುಜರಾತಿನ ಮುಂದ್ರಾದ ಮೀನುಗಾರರು, ಕಲ್ಲಿದ್ದಲು ವಿದ್ಯುತ್ ಸ್ಥಾವರವೊಂದಕ್ಕೆ ಸಾಲ ಕೊಟ್ಟ ವಿಶ್ವಬ್ಯಾಂಕ್ ಸಮೂಹದ ಸಂಸ್ಥೆಯಾದ ಐಎಫ್‌ಸಿ ವಿರುದ್ಧ ಅಮೆರಿಕದ ನ್ಯಾಯಾಲಯಕ್ಕೆ ಹೋದರು. ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ಮೊಕದ್ದಮೆಯಿಂದ ಸಂಪೂರ್ಣ ವಿನಾಯಿತಿ ಇಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲಿ ಹೇಳಿತು. ಮುಂದೆ ಕೆಳ ನ್ಯಾಯಾಲಯಗಳಲ್ಲಿ ಅವರ ದಾವೆ ಬಿದ್ದುಹೋದರೂ ಆ ತೀರ್ಪು ನಿಂತಿದೆ. ಸಾಲ ಕೊಡುವವರಿಗೆ ಉತ್ತರದಾಯಿತ್ವ ಕಲಿಸಿದವರಲ್ಲಿ ಭಾರತದ ಬಡವರೇ ಮುಂದಿದ್ದರು ಎಂದರೆ ಉತ್ಪ್ರೇಕ್ಷೆಯಲ್ಲ.

ನಮ್ಮದೇ ಊರಿನ ಇನ್ನೊಂದು ಉದಾಹರಣೆ. ಮಂಗಳೂರು, ಉಡುಪಿ, ಕುಂದಾಪುರ, ಪುತ್ತೂರು ಸೇರಿದಂತೆ ಕರಾವಳಿಯ ಮೂರು ಜಿಲ್ಲೆಗಳ 10 ಪಟ್ಟಣಗಳ ನೀರು ಮತ್ತು ಒಳಚರಂಡಿಗೆಂದು ಮನಿಲಾದಲ್ಲಿರುವ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ 1999ರಲ್ಲಿ 175 ಮಿಲಿಯನ್ ಡಾಲರ್ ಸಾಲ ಮಂಜೂರು ಮಾಡಿತ್ತು. ಆ ಯೋಜನೆಯ ಚುಟುಕು ಹೆಸರಾದ ಕುಡ್ಸೆಂಪ್ ಎಂದರೆ ಇಲ್ಲಿನ ಹಿರಿಯರಿಗೆ ತಕ್ಷಣ ನೆನಪಾಗುತ್ತದೆ. ಆ ಯೋಜನೆಯ ಗುಣದೋಷಗಳ ಚರ್ಚೆ ಬೇರೆ. ಆದರೆ ಅದರ ದಾಖಲೆಗಳು, ಮುಗಿದ ಮೇಲಿನ ವರದಿ ಸಹ, ಆ ಬ್ಯಾಂಕಿನ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ನಿವೃತ್ತಿಯ ಬಳಿಕ ಒಂದು ಮಳೆಗಾಲದಲ್ಲಿ ಕೂತು ನಾನು ಅವನ್ನು ಓದಿದ್ದೇನೆ. ಕದ್ರಿಯ ನನ್ನಂಥ ಒಬ್ಬ ಪಿಂಚಣಿದಾರ ಮನಿಲಾದ ಬ್ಯಾಂಕಿನ ಲೆಕ್ಕವನ್ನು ಓದಬಹುದಾದರೆ, ಮೊಜಾಂಬಿಕ್‌ನ ಅಥವಾ ಸೆನೆಗಲ್‌ನ ಒಬ್ಬ ಪಿಂಚಣಿದಾರನಿಗೆ ಭಾರತದ ಸಾಲದ ಷರತ್ತು, ಗುತ್ತಿಗೆಯ ಮೊತ್ತ, ಕೆಲಸ ಮುಗಿದ ಮೇಲಿನ ಮೌಲ್ಯಮಾಪನ ಓದಲು ಸಿಗಬೇಕಲ್ಲವೇ? ದೇಶವಾರು ಸಾಲದ ಪಟ್ಟಿಯನ್ನು ಎಕ್ಸಿಮ್ ಬ್ಯಾಂಕ್ ಪ್ರಕಟಿಸುತ್ತದೆ, ನಿಜ. ಪಟ್ಟಿ ಬೇರೆ, ಲೆಕ್ಕ ಬೇರೆ. ವಿಶ್ವಬ್ಯಾಂಕಿನ ಮಾದರಿಯ ಸ್ವತಂತ್ರ ದೂರು ಸಮಿತಿಯೂ ನಮ್ಮ ನೆರವಿನ ಕಾಮಗಾರಿಗಳಿಗೆ ಇಲ್ಲ. ಇದು ನಮ್ಮ ಆಂತರಿಕ ವಿಚಾರ, ಪಶ್ಚಿಮದವರ ಮಾನದಂಡ ನಮಗೆ ಬೇಡ ಎಂಬ ವಾದವನ್ನು ದೆಹಲಿಯಲ್ಲಿ ಆಗಾಗ ಮುಂದಿಡುತ್ತಾರೆ. ಆದರೆ ಆ ಮಾನದಂಡವನ್ನು ಬರೆಸಿದ್ದು ನರ್ಮದಾ ಕಣಿವೆಯ ಆದಿವಾಸಿಗಳು. ಅದು ಪಶ್ಚಿಮದ್ದು ಹೇಗಾಗುತ್ತದೆ?

ವಿದೇಶಾಂಗ ಸಚಿವಾಲಯದಲ್ಲಿ 2012ರಿಂದ ಅಭಿವೃದ್ಧಿ ಸಹಭಾಗಿತ್ವಕ್ಕೆಂದೇ ಒಂದು ವಿಭಾಗವಿದೆ. ಆ ವಿಭಾಗವು ಪ್ರತಿವರ್ಷ ಸಂಸತ್ತಿನ ಮುಂದೆ ಪ್ರತ್ಯೇಕ ವರದಿಯನ್ನು ಇಡಬೇಕು, ಅದರಲ್ಲಿ ಅನುದಾನ, ಸಾಲ, ವ್ಯಾಪಾರಗಳನ್ನು ಬೇರೆ ಬೇರೆಯಾಗಿ ತೋರಿಸಬೇಕು, ತಡವಾದ ಕಾಮಗಾರಿಗಳ ಕಾರಣವನ್ನೂ ಹೇಳಬೇಕು ಎಂದು ದಕ್ಷಿಣ ಕನ್ನಡ ಮತ್ತು ಉಡುಪಿ-ಚಿಕ್ಕಮಗಳೂರು ಕ್ಷೇತ್ರಗಳ ಸಂಸದರಿಬ್ಬರೂ ಲೋಕಸಭೆಯಲ್ಲಿ ಕೇಳಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ. ನಮ್ಮ ಕಾಮಗಾರಿಯಿಂದ ಜಮೀನು, ಬಲೆ, ನೀರು ಕಳೆದುಕೊಂಡ ಹೊರದೇಶದ ಮನುಷ್ಯ ತನ್ನ ಭಾಷೆಯಲ್ಲಿ ಅರ್ಜಿ ಕೊಡಬಹುದಾದ ಒಂದು ಕಚೇರಿ, ಅದು ನಮ್ಮ ರಾಯಭಾರ ಕಚೇರಿಯ ಒಂದು ಕೋಣೆಯಾದರೂ ಸರಿ, ಇರಬೇಕು.

ಸುರತ್ಕಲ್‌ನ ಓದುಗರಿಗೆ ಕೊನೆಯದಾಗಿ ಒಂದು ಮಾತು. ನಮ್ಮ ಪಂಚಾಯಿತಿ ರಸ್ತೆಗೆ ಕಾಂಕ್ರೀಟು ಹಾಕಿದಾಗ ಬದಿಯಲ್ಲಿ ಒಂದು ಫಲಕ ನಿಲ್ಲಿಸುತ್ತಾರೆ: ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರು, ಮುಗಿಸಬೇಕಾದ ದಿನಾಂಕ. ಹಲವು ಕಡೆ ಅದರ ಅಕ್ಷರಗಳು ಮೊದಲ ಮಳೆಗೇ ಅಳಿಸಿಹೋಗಿರುತ್ತವೆ, ಆದರೂ ಅದನ್ನು ಓದಿಯೇ ನಾವು ಪ್ರಶ್ನೆ ಕೇಳಲು ಕಲಿತದ್ದು. ತಾವು ಹೆದ್ದಾರಿಯ ಹೊಂಡದ ಲೆಕ್ಕ ಕೇಳಿ ಅರ್ಜಿ ಹಾಕುವುದಾದರೆ ನನ್ನ ಸಹಿಯೂ ಅದರಲ್ಲಿರಲಿ. ಅದರ ಜೊತೆಗೆ, ಭಾರತದ ಹಣದಿಂದ ಎದ್ದ ಪ್ರತಿ ಸೇತುವೆ, ಪಂಪುಮನೆ, ಆಸ್ಪತ್ರೆಯ ಬಾಗಿಲಲ್ಲೂ ಆ ಊರಿನ ಭಾಷೆಯಲ್ಲಿ ಅಂಥದೇ ಫಲಕ ಇರಲೆಂದು ಕೇಳುವ ನನ್ನ ಅರ್ಜಿಗೆ ತಾವೂ ಸಹಿ ಹಾಕುವಿರೆಂದು ನಂಬಿದ್ದೇನೆ.

ಇತಿ,
ತಮ್ಮ ಹಳೆಯ ಓದುಗ,
ನಿವೃತ್ತ ಬ್ಯಾಂಕ್ ಅಧಿಕಾರಿ,
ಕದ್ರಿ, ಮಂಗಳೂರು